ಕುಬಸದ ಭಾಷಣ

ಡಾಕ್ಟರ್ ಕರಬಸಪ್ಪನವರ ಕೋಟಿನ ಮೇಲೆ ಗರ್ಭಪಾತ ಬೇಡವೆನ್ನುವವರ ಗುರುತು, ಎರಡು ಪುಟ್ಟ ಪಾದಗಳ ಪಿನ್ನು, ಹೊಳೆಯುತ್ತಿತ್ತು. ಅಂಗಿಯ ಒಳಗೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ ತೂಗುತ್ತಿತ್ತು. ಪಿನ್ನು ಊರಿಗೆಲ್ಲ ಕಾಣಬೇಕು, ಲಿಂಗ ಯಾರಿಗೂ ಕಾಣಬಾರದು. ಈ ಏರ್ಪಾಟು ತಿಳಿದರೆ ಅವರ ಅರ್ಧ ಚರಿತ್ರೆ ತಿಳಿದಂತೆ. ಉಳಿದರ್ಧವೂ ಇದಕ್ಕಿಂತ ಚೆನ್ನಾಗಿಲ್ಲ.

ಹುಟ್ಟಿದ್ದು ಬಾಗಲಕೋಟೆ ಹತ್ತಿರದ ನೇಕಾರರ ಊರಿನಲ್ಲಿ, ಓದಿದ್ದು ಹುಬ್ಬಳ್ಳಿಯಲ್ಲಿ, ಮನೆ ಕಟ್ಟಿದ್ದು ನಾರ್ತ್ ಕ್ಯಾರೊಲಿನಾದ ಏಪೆಕ್ಸ್‌ನಲ್ಲಿ. ರಾಲಿಯ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಜನರನ್ನು ಮಲಗಿಸುವುದು ಅವರ ವೃತ್ತಿ. ಎಚ್ಚರವಿದ್ದವರು ತಮ್ಮ ಮಾತು ಕೇಳಬೇಕೆಂಬುದು ಜೀವಮಾನದ ಆಸೆ. ಆ ಆಸೆ ಕನ್ನಡದವರ ನಡುವೆ ಈಡೇರಲಿಲ್ಲ. ಬಸವ ಜಯಂತಿ ಬಂತೆಂದರೆ ಅವರಿಗೆ ಮಡಚುವ ಕುರ್ಚಿಗಳನ್ನು ತರಲು ಹೇಳುತ್ತಿದ್ದರೇ ಹೊರತು ಮೈಕು ಕೊಡುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಅವರು ಹೆಂಡತಿಯ ಮುಂದೆ ಕೊರಗುತ್ತಿದ್ದರು. ಹಿತ್ತಲಲ್ಲಿರುವುದು ಮದ್ದಿನ ಗಿಡವೇ ಅಲ್ಲದಿರಬಹುದು ಎಂಬ ಸಂದೇಹ ಮಾತ್ರ ಒಮ್ಮೆಯೂ ಬರಲಿಲ್ಲ.

ಮೈಕು ಕೊಟ್ಟವನು ರಾಂಡಲ್ ಪರ್ವಿಸ್. ಟಾರ್ ರಿವರ್ ಫ್ಯಾಮಿಲಿ ಕೌನ್ಸಿಲ್ ಎಂಬ ಕ್ರೈಸ್ತ ಸಂಘದ ಮುಖ್ಯಸ್ಥ. ತಲೆಗೂದಲಿಂದ ಮಾತಿನವರೆಗೆ ಎಲ್ಲವನ್ನೂ ಇಸ್ತ್ರಿ ಮಾಡಿಸಿಕೊಂಡಂತಿದ್ದ ಮನುಷ್ಯ. ರಾಲಿಯ ಶಾಸನಸಭೆಯ ಮೊಗಸಾಲೆಯಲ್ಲಿ ನಿಲ್ಲುವುದು, ಹೋಗಿಬರುವ ಸದಸ್ಯರ ತೋಳು ಹಿಡಿಯುವುದು, ಗರ್ಭಪಾತದ ವಿರುದ್ಧ ಕಾನೂನಿನ ಬಿಲ್ಲುಗಳನ್ನು ಮುಂದೆ ತಳ್ಳುವುದು ಈ ಕೌನ್ಸಿಲ್ಲಿನ ಕೆಲಸ. ಹರ್ನಿಯಾ ಆಪರೇಷನ್ನಿಗೆ ಬಂದಿದ್ದ ಪರ್ವಿಸ್, ಅರಿವು ತಪ್ಪುವ ಮುಂಚಿನ ಐದು ನಿಮಿಷದಲ್ಲೇ ಕರಬಸಪ್ಪನವರ ಬೆಲೆ ಕಟ್ಟಿಬಿಟ್ಟ. ಕ್ರೈಸ್ತನಲ್ಲದ, ಬಿಳಿಯನಲ್ಲದ ಒಬ್ಬ ಡಾಕ್ಟರು ತಮ್ಮ ಮಾತನ್ನೇ ಆಡಿದರೆ ಪತ್ರಿಕೆಯವರು ಬರೆದುಕೊಳ್ಳುತ್ತಾರೆ ಎಂಬುದು ಅವನ ಎಣಿಕೆ. ಕರಬಸಪ್ಪನವರಿಗೆ ಬೇಕಿದ್ದದ್ದು ನಿಲ್ಲಲು ಒಂದು ವೇದಿಕೆ. ಅದರ ಮೇಲೆ ಯಾವ ದೇವರ ಪಟ ತೂಗುಹಾಕಿದ್ದರೆ ಅವರಿಗೇನು?

ಹೀಗೆ ಹುಟ್ಟಿತು ಕುಬಸದ ಭಾಷಣ. "ನಮ್ಮ ಕಡೆ ಬಸುರಿ ಹೆಣ್ಣಿಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡುತ್ತಾರೆ" ಎಂದು ಶುರು. ತವರಿನವರು ಹಸಿರು ಸೀರೆ ಉಡಿಸುತ್ತಾರೆ, ಹೊಸ ಕುಪ್ಪಸ ತೊಡಿಸುತ್ತಾರೆ, ಕೈತುಂಬ ಹಸಿರು ಗಾಜಿನ ಬಳೆ ಇಡಿಸಿ ಉಡಿ ತುಂಬುತ್ತಾರೆ. ಇನ್ನೂ ಕಣ್ಣು ಬಿಡದ ಕೂಸಿಗೆ ಇಡೀ ಕುಲ ಮರ್ಯಾದೆ ಮಾಡುತ್ತದೆ. ಮೊದಲ ಸಲ ಹೇಳಿದಾಗ ಓಣಿಯ ಹೆಂಗಸರು ಬರುತ್ತಿದ್ದರು. ಮೂರನೆಯ ಸಲ ಊರಿನ ಅಂಗಡಿಗಳು ಬಾಗಿಲು ಹಾಕಿದವು. ಶಾಸನಸಭೆಯ ಸಮಿತಿಯ ಮುಂದೆ, ಗರ್ಭ ತೆಗೆಸಿಕೊಳ್ಳಲು ಬಂದ ಹೆಣ್ಣು ಒಂದು ದಿನ ಕಾಯಲೇಬೇಕು ಎಂಬ ಬಿಲ್ಲಿನ ಪರವಾಗಿ ಹೇಳುವ ಹೊತ್ತಿಗೆ, ಆನೆಯೊಂದು ಬಂದು ಬಸುರಿಗೆ ಸೊಂಡಿಲೆತ್ತಿ ನಮಸ್ಕರಿಸಿತು. ಸಮಿತಿಯ ಸದಸ್ಯನೊಬ್ಬ ಅಷ್ಟರಲ್ಲಿ ತೂಕಡಿಸಿದ್ದ. ಡಾಕ್ಟರ ವೃತ್ತಿಕೌಶಲ ಅಲ್ಲೂ ಕೈಬಿಟ್ಟಿರಲಿಲ್ಲ.

ಅವರ ಹೆಂಡತಿ ಗೌರಾಬಾಯಿ ಈ ಭಾಷಣವನ್ನು ಚರ್ಚುಗಳ ಹಿಂದಿನ ಬೆಂಚುಗಳಲ್ಲಿ ಕೂತು ಎಷ್ಟೋ ಸಲ ಕೇಳಿದ್ದಳು. ಅವಳ ಕುಬಸಕ್ಕೆ ಗಂಡ ಬಂದಿರಲಿಲ್ಲ. ತವರಿನವರು ಹೇಳಿಕಳಿಸಿದ್ದಕ್ಕೆ ಇವರು ಪರೀಕ್ಷೆ ಇದೆ ಅಂದಿದ್ದರು. ಆ ತಿಂಗಳು ಹುಬ್ಬಳ್ಳಿಯಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಅವಳು ಅದನ್ನು ಎತ್ತಿ ಆಡಿದವಳಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬುದು ಅವಳಿಗೆ ಮದುವೆಯಾದ ವರ್ಷವೇ ತಿಳಿದಿತ್ತು.

ಒಬ್ಬಳೇ ಮಗಳು ಆರತಿ, ಗ್ರೀನ್ಸ್‌ಬರೋದಲ್ಲಿ ಕಾಲೇಜು ಓದುತ್ತಿದ್ದಳು. ತೊಂಬತ್ತೈದರ ಮೇ ತಿಂಗಳ ಒಂದು ಭಾನುವಾರ ಮನೆಗೆ ಬಂದವಳು ಬ್ಯಾಗನ್ನೂ ಕೆಳಗಿಡದೆ ಅಡುಗೆಮನೆಯಲ್ಲಿ ನಿಂತಳು.

"ಅಪ್ಪಾ, ಅಮ್ಮಾ, ನಂಗೆ ಬೇಬಿ ಆಗ್ತಿದೆ. ಥರ್ಡ್ ಮಂತ್. ಡೇವಿಡ್ ಬಿಟ್ಟು ಹೋದ. ಬಟ್ ಐ ವಾಂಟ್ ಟು ಕೀಪ್ ಇಟ್."

ಗೌರಾಬಾಯಿಯ ರೊಟ್ಟಿ ಹಂಚಿನ ಮೇಲೆಯೇ ಸೀದು ಹೊಗೆಯಾಯಿತು. ಕರಬಸಪ್ಪನವರು ಎದ್ದುಹೋಗಿ ಕಿಟಕಿ ಮುಚ್ಚಿ ಬಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಇದು: "ಯಾರ್ಯಾರಿಗೆ ಹೇಳೀ?"

"ನೋಬಡಿ."

"ಹಂಗಾದ್ರ ಇನ್ನೂ ಏನೂ ಆಗಿಲ್ಲ." ಅವರಿಗೆ ನಿಜವಾಗಿಯೂ ಸಮಾಧಾನವಾಗಿತ್ತು. "ಅಟ್ಲಾಂಟಾದಾಗ ನನ್ನ ಕ್ಲಾಸ್‌ಮೇಟ್ ಮಹಾಂತಪ್ಪ ಅದಾನ. ಅಲ್ಲಿಗೆ ಹೋಗು. ಏನು ಮಾಡ್ಕೋಬೇಕೋ ಮಾಡ್ಕೊಂಡು ಬಾ. ನನಗ ಹೇಳೂದು ಬ್ಯಾಡ, ನಾ ಕೇಳೂದೂ ಇಲ್ಲ."

ಆರತಿ ಅವರ ಮುಖವನ್ನೇ ನೋಡಿದಳು. "ಅಪ್ಪಾ, ನಿಮ್ ಕಾರ್ ಮೇಲೆ ಸ್ಟಿಕ್ಕರ್ ಇದೆ. ಯಾವ ಬೇಬಿನೂ ಅನ್‌ವಾಂಟೆಡ್ ಅಲ್ಲ ಅಂತ ಬರ್ದಿದೆ. ಹೆಲ್ಪ್ ಬೇಕಿದ್ರೆ ಕಾಲ್ ಮಾಡಿ ಅಂತ ಫೋನ್ ನಂಬರ್ ಕೂಡ ಇದೆ."

"ಅದು ಬ್ಯಾರೆ."

"ಹೇಗೆ ಬೇರೆ?"

ಹೇಗೆ ಬೇರೆ ಎಂಬುದು ಅವರ ಮನಸ್ಸಿನಲ್ಲಿ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಸ್ಟಿಕ್ಕರ್ ಇದ್ದದ್ದು ಹಿಂದಿನ ಕಾರಿನವರಿಗಾಗಿ. ಬಿಲ್ಲು ಇದ್ದದ್ದು ಬುದ್ಧಿಯಿಲ್ಲದವರಿಗಾಗಿ. ತಮ್ಮಂಥ ಮನೆತನಸ್ಥರು ಇಂಥದನ್ನು ಸದ್ದಿಲ್ಲದೆ ಮುಗಿಸಿಕೊಳ್ಳುವುದು ಮರ್ಯಾದೆಯ ಪ್ರಶ್ನೆ, ಅದಕ್ಕೂ ತತ್ವಕ್ಕೂ ಸಂಬಂಧವಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಹೊಡೆದವರು ಯಾರೆಂದು ತಮಗೂ ತಿಳಿಯಬಾರದು. ಇಷ್ಟನ್ನೆಲ್ಲ ಮಗಳಿಗೆ ವಿವರಿಸುವ ಬದಲು ಒಂದೇ ಮಾತಿನಲ್ಲಿ ಹೇಳಿದರು: "ಇಟ್ಕೊಳ್ಳೂದಾದ್ರ ಈ ಮನಿಗೆ ಬರಬ್ಯಾಡ."

ಆರತಿ ಕೆಳಗಿಡದ ಬ್ಯಾಗಿನೊಂದಿಗೆ ಹಾಗೆಯೇ ಹೊರಟುಹೋದಳು. ಗೌರಾಬಾಯಿ ರಸ್ತೆಯವರೆಗೆ ಓಡಿದಳು; ಕಾರು ಆಗಲೇ ತಿರುವು ದಾಟಿತ್ತು. ಈ ಮನುಷ್ಯನಿಗೆ ಇಷ್ಟು ಹೊತ್ತು ಬಹುವಚನ ಕೊಟ್ಟದ್ದೇ ಹೆಚ್ಚಾಯಿತು. ಇನ್ನು ಸಾಕು.

ಕರಬಸಪ್ಪ ಅಟ್ಲಾಂಟಾಕ್ಕೆ ಫೋನು ಮಾಡಲೇ ಇಲ್ಲ. ಮಾಡಿದ್ದರೆ ಮಹಾಂತಪ್ಪನಿಗೆ ವಿಷಯ ಹೇಳಬೇಕಾಗುತ್ತಿತ್ತು, ಆಮೇಲೆ ಹುಬ್ಬಳ್ಳಿಯಲ್ಲಿ ಓದಿದವರಿಗೆಲ್ಲ ಅದು ಗೊತ್ತಾಗುತ್ತಿತ್ತು. ಹದಿನೈದು ದಿನ ಬಿಟ್ಟು ಹೆಂಡತಿಗೆ ತಾನೇ ಒಂದು ಸುದ್ದಿ ತಯಾರು ಮಾಡಿಕೊಟ್ಟ. "ಮಹಾಂತಪ್ಪ ಎಲ್ಲಾ ನೋಡ್ಕೊಂಡ. ಮುಗೀತು. ಹುಡುಗಿ ಸಿಟ್ಟಿನ್ಯಾಗ ಅದಾಳ, ತಾನಾಗೇ ಫೋನ್ ಮಾಡ್ತಾಳ. ನೀ ಮಾಡಬ್ಯಾಡ. ಮಹಾಂತಪ್ಪನ ಹೆಂಡ್ತಿಗೆ ಏನೂ ಗೊತ್ತಿಲ್ಲ." ಕನ್ನಡ ಸಂಘದವರು ಕೇಳಿದರೆ ಮಗಳಿಗೆ ಅಟ್ಲಾಂಟಾದಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ ಎಂದ. ನಾಲ್ಕು ಜನಕ್ಕೆ ಹೇಳುವಷ್ಟರಲ್ಲಿ ಅವನಿಗೇ ಅದು ನಿಜವಾಗಿ, ಯಾವ ಕಂಪನಿ ಎಂದು ಕೇಳಿದವರಿಗೆ ಹೆಸರನ್ನೂ ಹೇಳತೊಡಗಿದ.

ಗೌರಾಬಾಯಿ ನಂಬಿದಳು. ಆರತಿಯ ಹಾಸ್ಟೆಲ್ಲಿಗೆ ಕದ್ದು ಫೋನು ಮಾಡಿದಾಗ ಹುಡುಗಿ ಅಲ್ಲಿಲ್ಲ ಎಂದರು, ಅಟ್ಲಾಂಟಾದಲ್ಲಿರಬೇಕು ಅಂದುಕೊಂಡಳು. ಮುಗೀತು ಎಂಬ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಮಲಗುವ ಕೋಣೆಯ ಟ್ರಂಕಿನಲ್ಲಿ, ಮಗಳ ದಿನ ಬಂದಾಗ ಬೇಕಾಗುತ್ತದೆಂದು ಊರಿಂದ ತಂದಿಟ್ಟ ಹಸಿರು ಇಳಕಲ್ ಸೀರೆ, ಗುಳೇದಗುಡ್ಡದ ಕುಪ್ಪಸದ ಕಣ, ಹತ್ತಿಯಲ್ಲಿ ಸುತ್ತಿದ ಬಳೆಗಳು ಇದ್ದವು. ಆ ಟ್ರಂಕಿನ ಮೇಲೆ ಅವಳು ಹಳೆಯ ಕಂಬಳಿಗಳನ್ನು ಪೇರಿಸಿಟ್ಟಳು.

ಸೆಪ್ಟೆಂಬರಿನಲ್ಲಿ ಕೌನ್ಸಿಲ್ಲಿನ ವಾರ್ಷಿಕ ಔತಣ. ರಾಲಿಯ ಹೋಟೆಲೊಂದರಲ್ಲಿ ಶನಿವಾರ ಮಧ್ಯಾಹ್ನದ ಊಟ, ಕರಬಸಪ್ಪನದೇ ಮುಖ್ಯ ಭಾಷಣ. ಮಾತಿನ ಜೊತೆಗೆ ನೋಡಲು ಏನಾದರೂ ಇದ್ದರೆ ಚೆಂದ ಎಂದು ಪರ್ವಿಸ್ ಸೂಚಿಸಿದ್ದ. ಕರಬಸಪ್ಪನಿಗೆ ಟ್ರಂಕು ನೆನಪಾಯಿತು.

"ಆ ಸೀರಿ ಯಾಕ ಕೇಳ್ತೀರಿ?" ಎಂದಳು ಗೌರಾಬಾಯಿ.

"ಸ್ಟೇಜ್ ಮ್ಯಾಲೆ ತೋರ್ಸಾಕ. ಹೆಂಗೂ ಸುಮ್ನ ಬಿದ್ದೈತಿ."

ಗೌರಾಬಾಯಿ ಕಂಬಳಿಗಳನ್ನು ಒಂದೊಂದಾಗಿ ಇಳಿಸಿದಳು. ಸೀರೆಯನ್ನು ಗಂಟು ಕಟ್ಟಿ, ಅವನ ಕೈಗೆ ಕೊಡದೆ ತಾನೇ ಹಿಡಿದುಕೊಂಡು ಕಾರು ಹತ್ತಿದಳು.

ಹೋಟೆಲಿನ ಮೊದಲ ಸಾಲಿನ ಮೇಜಿನಲ್ಲಿ ಅವಳ ಪಕ್ಕಕ್ಕೆ ಕೂತವಳು ಲೊರೀನಾ ಟಟಲ್ ಎಂಬ ಮುದುಕಿ. ಗ್ರೀನ್ಸ್‌ಬರೋದ ಚರ್ಚೊಂದರ ನೆಲಮಾಳಿಗೆಯಲ್ಲಿ ಕೌನ್ಸಿಲ್ಲಿನ ಸಹಾಯದ ಫೋನು ಎತ್ತುತ್ತಿದ್ದವಳು, ಫೋನು ಮಾಡಿದ ಹುಡುಗಿಯರಿಗೆ ಜಾಗ, ತೊಟ್ಟಿಲು, ಊಟ ಹೊಂದಿಸುತ್ತಿದ್ದವಳು. ಭಾಷಣ ಮಾಡುವುದಿಲ್ಲ, ಪಿನ್ನು ಚುಚ್ಚಿಕೊಳ್ಳುವುದಿಲ್ಲ. ಅವಳು ನಂಬಿದ್ದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನಂಬಿದ್ದನ್ನು ಕೈಯಾರೆ ಮಾಡುವವಳು ಆ ಹಾಲಿನಲ್ಲಿ ಅವಳೊಬ್ಬಳೇ. ಅವಳು ಗೌರಾಬಾಯಿಯ ಮೇಲಿಂದ ಬಾಗಿ ಕರಬಸಪ್ಪನ ಜೊತೆ ಇಂಗ್ಲಿಷಿನಲ್ಲಿ ಮಾತು ತೆಗೆದಳು.

"ಡಾಕ್ಟರ್, ನನ್ನ ಹತ್ತಿರ ನಿಮ್ಮ ದೇಶದ ಒಬ್ಬಳು ಹುಡುಗಿ ಇದ್ದಾಳೆ. ಕಾರಿನ ಸ್ಟಿಕ್ಕರ್ ನೋಡಿ ನಂಬರು ಬಾಯಿಪಾಠವಾಗಿತ್ತಂತೆ, ಫೋನು ಮಾಡಿದಳು. ತನಗೆ ಯಾರೂ ಇಲ್ಲ ಅನ್ನುತ್ತಾಳೆ. ಮೊನ್ನೆ ಅಳುತ್ತ, ಅಮ್ಮ ಇದ್ದಿದ್ದರೆ ಕುಬಸ ಮಾಡುತ್ತಿದ್ದಳು ಅಂದಳು. ಅದೇ ಶಬ್ದ, ನಿಮ್ಮ ಭಾಷಣದ್ದು. ಹಾಗಾದರೆ ನಿಮ್ಮ ಭಾಷೆಯವಳೇ ಇರಬೇಕು. ನಾಳೆ ಬಂದು ಅವಳೊಂದಿಗೆ ನಾಲ್ಕು ಮಾತಾಡುತ್ತೀರಾ? ಅವಳ ಹೆಸರು ಆರತಿ."

ಕರಬಸಪ್ಪ ನೀರು ಕುಡಿದ. ಲೋಟ ಕೆಳಗಿಟ್ಟು ನಕ್ಕ. "ಇಂಡಿಯಾ ದೊಡ್ಡ ದೇಶ ಮೇಡಂ. ಆ ಹೆಸರಿನವರು ಸಾವಿರ ಜನ ಇದ್ದಾರೆ. ಅವಳು ನಮ್ಮ ಕಡೆಯವಳಿರಲಾರಳು. ನಮ್ಮವರಲ್ಲಿ ಇಂಥವು ಆಗುವುದಿಲ್ಲ."

ಗೌರಾಬಾಯಿಗೆ ಇಂಗ್ಲಿಷ್ ಮಾತಾಡಲು ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಅರ್ಥವಾಗಲು ಏನೂ ಅಡ್ಡಿಯಿರಲಿಲ್ಲ. ಅವಳು ಲೊರೀನಾಳ ಕಡೆ ತಿರುಗಿ, "ಹೌ ಮೆನಿ ಮಂತ್?" ಎಂದಳು.

"ಏಳು ನಡೆಯುತ್ತಿದೆ."

ಗೌರಾಬಾಯಿ ಗಂಡನ ಕಡೆ ತಿರುಗಿದಳು. "ಮುಗೀತು ಅಂದಿದ್ರಿ."

"ಆಮ್ಯಾಲೆ ಮಾತಾಡೂಣು. ಈಗ ನನ್ನ ಹೆಸರು ಕರೀತಾರ."

ಕರೆದೂ ಬಿಟ್ಟರು. ಪರ್ವಿಸ್ ಅವನನ್ನು ಪೂರ್ವದೇಶದ ಜ್ಞಾನಿ ಎಂದ. ಕರಬಸಪ್ಪ ಮೆಟ್ಟಿಲು ಹತ್ತಿ ಟೈ ಸರಿಮಾಡಿಕೊಂಡು ಶುರುಮಾಡಿದ. ಅಂಗಡಿಗಳು ಬಾಗಿಲು ಹಾಕಿದವು, ಆನೆ ಬಂತು, ಸೊಂಡಿಲು ಎತ್ತಿತು. ಹಾಲಿನಲ್ಲಿ ಅಲ್ಲಲ್ಲಿ ಕರವಸ್ತ್ರಗಳು ಹೊರಬಂದವು. "ಹುಟ್ಟದ ಕೂಸಿಗೆ ನಮ್ಮಲ್ಲಿ ಬಾಗಿಲು ಮುಚ್ಚುವವರಿಲ್ಲ" ಎಂದು ಅವನು ಹೇಳಿದ. "ಈಗ ನನ್ನ ಧರ್ಮಪತ್ನಿ ಆ ಪವಿತ್ರ ಹಸಿರು ಸೀರೆಯನ್ನು ನಿಮಗೆಲ್ಲ ತೋರಿಸುತ್ತಾಳೆ."

ಗೌರಾಬಾಯಿ ಎದ್ದಳು. ಗಂಟನ್ನು ಕಂಕುಳಿಗೆ ಇಟ್ಟುಕೊಂಡಳು. ವೇದಿಕೆಯ ಕಡೆ ನೋಡದೆ ಲೊರೀನಾಗೆ, "ಮೈ ಡಾಟರ್. ಕಾರ್?" ಎಂದಳು. ಮುದುಕಿ ಒಮ್ಮೆ ಅವಳನ್ನು ನೋಡಿದಳು, ಒಮ್ಮೆ ಮೈಕಿನ ಮುಂದಿನವನನ್ನು ನೋಡಿದಳು. ಕೈಚೀಲ ಎತ್ತಿಕೊಂಡು ಕೀಲಿ ತೆಗೆದಳು. ಇಬ್ಬರೂ ಮೇಜುಗಳ ನಡುವಿನ ದಾರಿಯಲ್ಲಿ ಹೊರಬಾಗಿಲಿನತ್ತ ನಡೆದರು. ಗಂಟಿನಿಂದ ಹಸಿರು ಸೆರಗಿನ ತುದಿ ಹೊರಗೆ ಜೋತಾಡುತ್ತಿತ್ತು.

ಇದೂ ಶಾಸ್ತ್ರದ ಒಂದು ಭಾಗವೆಂದು ಜನ ತಿಳಿದರು. ಒಂದು ಮೇಜಿನವರು ಎದ್ದು ಚಪ್ಪಾಳೆ ತಟ್ಟಿದರು, ಆಮೇಲೆ ಹಾಲಿಗೆ ಹಾಲೇ ಎದ್ದು ನಿಂತಿತು. ಕರಬಸಪ್ಪನ ಬಾಯಿಯ ಮುಂದೆ ಮೈಕು ಇತ್ತು. ಅವಳು ನನ್ನ ಮಗಳು ಎಂದು ಅಂದಿದ್ದರೆ ಸಾಕಿತ್ತು, ಹಿಂದಿನ ಸಾಲಿನವರೆಗೂ ಕೇಳುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅವನು ಪರ್ವಿಸ್‌ನ ಕಡೆ ನೋಡಿದ. ಪರ್ವಿಸ್ ನಗುತ್ತ ಚಪ್ಪಾಳೆ ತಟ್ಟುತ್ತಿದ್ದ. ಕರಬಸಪ್ಪನೂ ನಕ್ಕು, ಬಾಗಿಲು ದಾಟುತ್ತಿದ್ದ ಹೆಂಡತಿಯ ಬೆನ್ನಿಗೆ ಚಪ್ಪಾಳೆ ತಟ್ಟಿದ.

ಕುಬಸ ಮರುದಿನ ಚರ್ಚಿನ ನೆಲಮಾಳಿಗೆಯಲ್ಲಿ ಆಯಿತು. ಆರತಿಯನ್ನು ಕೂರಿಸಲು ಮಣೆಯಿರಲಿಲ್ಲ, ಮಡಚುವ ಕುರ್ಚಿ ಇತ್ತು. ಊದಿದ ಕೈಗೆ ಬಳೆ ಏರಿಸುವಾಗ ಎರಡು ಒಡೆದವು. ಲೊರೀನಾಳ ಗೆಳತಿಯರು ಉಡಿಗೆ ಅಕ್ಕಿ ಹಾಕುವುದನ್ನು ಕಲಿತು, ತಿರುತಿರುಗಿ ಹಾಕಿದರು. ಗೌರಾಬಾಯಿ ಏಪೆಕ್ಸಿಗೆ ಆಮೇಲೆ ಬಂದದ್ದು ಒಂದೇ ಸಲ, ರೊಟ್ಟಿಯ ಹಂಚು ಒಯ್ಯಲು. ಗಂಡ ಬಾಗಿಲಲ್ಲಿ ನಿಂತು, "ಜನ ಏನಂತಾರ ಅಂತ ವಿಚಾರ ಮಾಡೀಯೇನು?" ಎಂದು ಕೇಳಿದ. ಅವಳು ಹಂಚನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಅವನನ್ನು ದಾಟಿ ಹೋದಳು. ಡಿಸೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ಅವನು ನೋಡಲು ಹೋಗಲಿಲ್ಲ.

ಭಾಷಣ ಮಾತ್ರ ಬೆಳೆಯಿತು. ಬಿಲ್ಲು ಸಮಿತಿಯಲ್ಲೇ ಸತ್ತಿತು, ಕರಬಸಪ್ಪ ಸೌತ್ ಕ್ಯಾರೊಲಿನಾಕ್ಕೂ ಆಮಂತ್ರಣ ಪಡೆದ. ಚಪ್ಪಾಳೆ ಬಿದ್ದದ್ದನ್ನು ಬಿಟ್ಟುಕೊಡುವ ಜಾತಿಯಲ್ಲ ಅವನದು. ಆ ಮಧ್ಯಾಹ್ನವನ್ನೂ ಕೊನೆಗೆ ಸೇರಿಸಿಕೊಂಡ. ಕರುಣೆ ತಡೆಯಲಾರದೆ ತನ್ನ ಹೆಂಡತಿ ಊಟದಿಂದಲೇ ಎದ್ದು, ಎಲ್ಲೋ ಇದ್ದ ಅಪರಿಚಿತ ಹುಡುಗಿಗೆ ಸೀರೆ ಉಡಿಸಲು ಹೋದಳು ಎನ್ನುತ್ತಾನೆ. ಅಲ್ಲಿ ಒಂದು ಗಳಿಗೆ ನಿಲ್ಲಿಸಿ, ಪಿನ್ನನ್ನು ಮುಟ್ಟಿಕೊಂಡು, ದನಿ ತಗ್ಗಿಸಿ, "ಪಾಪ, ಆ ಹುಡುಗಿಗೆ ತಂದೆ ಇರಲಿಲ್ಲ" ಎನ್ನುತ್ತಾನೆ. ಇಡೀ ಭಾಷಣದಲ್ಲಿ ನಿಜವಾದ ಮಾತು ಅದೊಂದೇ.