ಮಡಿ ಗಾಡಿಯ ಹಸಿರು ನೀರು

ಮಧ್ವೇಶಾಚಾರ್ಯರ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಒಂದು ಶ್ರಾವಣ ಶನಿವಾರ, ಇಳಿಹೊತ್ತಿನ ನಾಲ್ಕೂವರೆಗೆ. ಹೇಳಿದವಳು ವರದಾ. ದೇಹೂ ರೋಡಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವಳದು. ಪುಣೆಯ ಯಾವ ಕನ್ನಡದವರ ಮನೆಯಲ್ಲಿ ಸತ್ಯನಾರಾಯಣ, ಯಾರ ಮನೆಯಲ್ಲಿ ಸೀಮಂತ ಎಂಬುದು ಆ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಿರುತ್ತಿತ್ತು. ಅವತ್ತು ನಿಗಡಿಯಲ್ಲಿ ಪೂಜೆಯ ಊಟಕ್ಕೆ ಹೋಗಿದ್ದವಳು ಸೀದಾ ನನ್ನ ಅಡಿಗೆಮನೆಗೆ ಬಂದು, “ಗೋದಕ್ಕಾ, ಒಂದಿಷ್ಟು ಅವಲಕ್ಕಿ ಕೊಡs” ಎಂದಳು.

“ಯಾಕ, ಊಟ ಆಗಲಿಲ್ಲೇನು?”

“ಆತು, ಮೂರೂವರಿಗೆ. ಅಷ್ಟೊತ್ತಿಗೆ ಹಸಿವು ಸತ್ತು ಹೋಗಿತ್ತು. ಅಡಿಗಿ ಗಾಡಿ ಹೈವೇದಾಗ ನಿಂತುಬಿಟ್ಟಿತ್ತಲ್ಲ.”

“ಮೆಕ್ಯಾನಿಕ್ ಸಿಗಲಿಲ್ಲೇನು?”

“ಸಿಕ್ಕಿದ್ದ. ಆಚಾರ್ರು ಮುಟ್ಟಗೊಡಲಿಲ್ಲ! ಒಳಗ ಮಡಿ ಅನ್ನ ಅದ, ಗಾಡಿ ಮುಟ್ಟಬ್ಯಾಡ ಅಂದ್ರಂತ. ಮೆಕ್ಯಾನಿಕ್ ರಸ್ತಾದಾಗ ನಿಂತು ‘ಬಲಕ್ಕ ತಿರುವ್ರಿ, ಇನ್ನಷ್ಟು ತಿರುವ್ರಿ’ ಅನ್ನೂದು, ಇವರು ಮಡಿ ಉಟ್ಟುಕೊಂಡು ಗಾಡಿ ಕೆಳಗ ಮಲಗಿ ತಿರುವೂದು. ಮಂದಿ ನಿಂತು ಫೋಟೋ ಹೊಡಕೊಂಡ್ರಂತ.”

“ಗಾಡಿಗೆ ಏನಾಗಿತ್ತಂತ?”

“ಗೇರ್ ಬೀಳವಲ್ಲದಂತ. ಕಿರ್ರ್ ಅಂತದಂತ.”

“ಹಂಗಾದ್ರ ಗೇರಿನ ಡಬ್ಬಿಯೊಳಗ ತಪ್ಪು ಎಣ್ಣಿ ಸುರುವ್ಯಾರ ಬಿಡು,” ಎಂದು ನಾನು ಅವಲಕ್ಕಿಗೆ ಒಗ್ಗರಣೆ ಹಾಕಿದೆ.

ವರದಾಳಿಗೆ ಒಂದು ಮಾತು ಕೊಟ್ಟರೆ ಟಪಾಲಿಗೆ ಹಾಕಿದಂತೆ. ಮಂಗಳವಾರ ಬೆಳಿಗ್ಗೆ ನನ್ನ ಗೇಟಿನ ಮುಂದೆ ಕೆಂಪು ಬಣ್ಣದ ಹಳೆಯ ಪಿಕಪ್ ಬಂದು ನಿಂತಿತು. ಅದರಿಂದ ಐವತ್ತೈದರ ಸುಮಾರಿನ ದಪ್ಪ ಮನುಷ್ಯರೊಬ್ಬರು ಇಳಿದರು. ಹಣೆಗೆ ಅಂಗಾರ ಅಕ್ಷತೆ, ಎರಡೂ ಕಪಾಳಕ್ಕೆ ಗೋಪೀಚಂದನ. ಕೈಯಲ್ಲಿ ಸ್ಪ್ಯಾನರು.

“ಎಣ್ಣಿ ತಪ್ಪದ ಅಂತ ಹೇಳಿದವರು ನೀವs ಏನ್ರಿ? ನೋಡದ ಹ್ಯಾಂಗ ಹೇಳಿದ್ರಿ?”

ಹೇಗೆಂದು ಹೇಳಲಿ? ನಾನು ಓದಿದ್ದು ಬೆಳಗಾವಿಯಲ್ಲಿ ಮೂರನೇ ಇಯತ್ತೆವರೆಗೆ. ನಮ್ಮ ಮನೆಯವರು ಇಲ್ಲಿಯ ಮಿಲಿಟರಿ ಡಿಪೋದಲ್ಲಿ ಮೂವತ್ತೊಂದು ವರ್ಷ ಗಾಡಿಗಳ ಫಿಟರ್ ಆಗಿದ್ದರು. ಅವರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಆ ಮೂವತ್ತೊಂದು ವರ್ಷ ಅವರ ಬಟ್ಟೆ ಒಗೆದವಳು ನಾನು. ಇಂಜಿನ್ ಎಣ್ಣೆಯ ಕಲೆ ಕಪ್ಪಗೆ, ಬಿಸಿನೀರು ಸೋಡಾಕ್ಕೆ ಬಿಡುತ್ತದೆ. ಬ್ರೇಕ್ ಆಯಿಲ್ ತಣ್ಣೀರಿಗೇ ಹೋಗುತ್ತದೆ, ಆದರೆ ಬಕೆಟ್ಟಿನ ಬಣ್ಣ ಕಿತ್ತುಕೊಂಡು ಹೋಗುತ್ತದೆ. ಗೇರ್ ಎಣ್ಣೆಯ ಕಲೆ ಹೋದರೂ ವಾಸನೆ ಮೂರು ಒಗೆತಕ್ಕೆ ಹೋಗುವುದಿಲ್ಲ. ನಾನು ಹೊರಗೆ ಬಂದು, ಅವರು ಬಿಚ್ಚಿ ತೋರಿಸಿದ ಗೇರಿನ ಡಬ್ಬಿಗೆ ಬೆರಳು ಅದ್ದಿ ಮೂಸಿದೆ.

“ಇದು ಇಂಜಿನ್ ಆಯಿಲ್ ಅದ ಆಚಾರ್ರ. ಇಲ್ಲಿ ತೊಂಬತ್ತು ನಂಬರಿಂದು ಇರಬೇಕು. ದಪ್ಪಂದು, ನಾರೂದು.”

“ಅದs ನೋಡ್ರಿ! ಆ ನಾರೂ ಎಣ್ಣಿ ಮೂಸೀರೇನ? ಥೇಟ್ ಬಳ್ಳೊಳ್ಳಿ ವಾಸನಿ! ನನ್ನ ಗಾಡಿಯೊಳಗ ಬಳ್ಳೊಳ್ಳಿ ಕಾಲಿಡೂದಿಲ್ಲ. ಅದಕ್ಕs ವಾಸನಿ ಇಲ್ಲದ್ದು ಹಾಕಿದೆ.”

ನನಗೆ ನಗು ಬಂತು. ಆದರೆ ಅವರು ನಗುತ್ತಿರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಮಧ್ವೇಶಾಚಾರ್ಯರು ಹತ್ತೊಂಬತ್ತರ ವಯಸ್ಸಿಗೆ ಧಾರವಾಡದಿಂದ ಪುಣೆಗೆ ಬಂದು, ಸೋದರಮಾವನ ಕೈಕೆಳಗೆ ಸಾರು ತಿರುವುತ್ತ ಅಡಿಗೆ ಕಲಿತವರು. ಮಡಿಯಿಂದ ಮಾಡಿದ ಅಡಿಗೆ ಬೇಕೆನ್ನುವವರು ಈ ಊರಿನಲ್ಲಿ ಕಡಿಮೆಯೇನೂ ಇಲ್ಲ. ಖರಾಡಿಯ ಹದಿನೇಳನೇ ಮಹಡಿಯಲ್ಲಿ ಇದ್ದು, ವಾರವೆಲ್ಲ ಪಿಝ್ಝಾ ತಿನ್ನುವವರೂ ತಂದೆಯ ಶ್ರಾದ್ಧಕ್ಕೆ, ಮಗಳ ಮದುವೆಗೆ ಅಡಿಗೆಯವರ ಪಂಚೆ ಒದ್ದೆ ಇದೆಯೋ ಇಲ್ಲವೋ ಮುಟ್ಟದೆ ನೋಡುತ್ತಾರೆ. ಅಂಥವರಿಗೆಲ್ಲ ಆಚಾರ್ಯರೇ ಬೇಕು. ಅಡಿಗೆಯನ್ನು ತಮ್ಮ ಮನೆಯಲ್ಲೇ ಮಾಡಿ, ಪಾತ್ರೆ ಸಮೇತ ಈ ಗಾಡಿಯಲ್ಲಿ ಒಯ್ಯುತ್ತಿದ್ದರು. ಜನ ಅದನ್ನು ಮಡಿ ಗಾಡಿ ಎಂದೇ ಕರೆಯುತ್ತಿದ್ದರು.

ಮಡಿ ಗಾಡಿಯ ಪೂರ್ವಾಶ್ರಮ ಮಾತ್ರ ಉಳ್ಳಾಗಡ್ಡಿಯದು. ಚಾಕಣದ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬನಿಂದ ಕೊಂಡದ್ದು. ತಂದ ದಿನದಿಂದ ಹನ್ನೊಂದು ದಿವಸ ಗೋಮೂತ್ರದಿಂದ ತೊಳೆದರಂತೆ. ಉಳ್ಳಾಗಡ್ಡಿಯ ವಾಸನೆ ಹೋಯಿತು, ಹಿಂದಿನ ತಗಡೂ ತುಕ್ಕು ಹಿಡಿದು ಹೋಯಿತು. ಬಾಗಿಲಿನ ಕೀಲು ಕಿರುಗುಟ್ಟಿದರೆ ಗ್ರೀಸ್ ಹಚ್ಚುತ್ತಿರಲಿಲ್ಲ. ಅದರಲ್ಲಿ ಯಾವ ಪ್ರಾಣಿಯ ಕೊಬ್ಬು ಇದೆಯೋ ಯಾರು ಬಲ್ಲರು? ಹಸುವಿನ ತುಪ್ಪ ಹಚ್ಚುತ್ತಿದ್ದರು. ಕಿರುಗುಟ್ಟುವುದು ನಿಂತು ಇರುವೆ ಬಂದವು. ಹೋದಲ್ಲೆಲ್ಲ ಗಾಡಿಯಿಂದ ಮೊದಲು ಇರುವೆ ಇಳಿದು, ಆಮೇಲೆ ಹೋಳಿಗೆ ಇಳಿಯುತ್ತಿತ್ತು.

ಇಂಜಿನ್ ಆಯಿಲ್ ಆರಿಸುವುದಕ್ಕೆ ಭವಾನಿ ಪೇಠೆಗೆ ಹೋದರೆ ಅರ್ಧ ದಿನ. ಬಾಟಲಿ ಮೇಲಿನ ನಂಬರು ಅವರಿಗೆ ಬೇಡ. ಮುಚ್ಚಳ ತೆಗೆಸಿ, ಬಿಸಿಲಿಗೆ ಹಿಡಿದು, ಹದವಾಗಿ ಕಾಸಿದ ತುಪ್ಪದ ಬಣ್ಣ ಇದ್ದರೆ ಒಳ್ಳೆಯದು. ಒಂದು ಸಲ ಅಂಗಡಿಯವನು ಸಿಟ್ಟಿಗೆದ್ದು, “ಕಾಕಾ, ತೇಲ್ ಘ್ಯಾಯಚಂ ಆಹೇ ಕೀ ಭಜಿ ತಳಾಯಚಿ ಆಹೇತ?” ಎಂದನಂತೆ. ಎಣ್ಣೆ ಕೊಳ್ಳುತ್ತೀರೋ ಭಜಿ ಕರಿಯುತ್ತೀರೋ ಎಂದು. ಬ್ರೇಕ್ ಆಯಿಲಿನ ಅರ್ಧ ಬಾಟಲಿಯನ್ನು ಹುಣಸೆಹಣ್ಣಿನಂತೆ ಎರಡು ವರ್ಷ ಇಟ್ಟಿದ್ದರು, ಹಳೆಯದಾದಷ್ಟೂ ರುಚಿ ಎಂಬಂತೆ. ಬಾಯಿ ತೆರೆದ ಬ್ರೇಕ್ ಆಯಿಲ್ ಗಾಳಿಯ ಪಸೆಯನ್ನೆಲ್ಲ ಕುಡಿದು ಕೆಡುತ್ತದೆ ಎಂದು ನಾನು ಹೇಳಿ ಚೆಲ್ಲಿಸಿದೆ.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಕೈ ಮುಗಿಯಬೇಕು. ಅವರ ಮನೆಯ ಹಿಂದಿನ ಗೋಡೆಗೆ ಐದು ಮೊಳೆ, ಐದು ಲಾಳಿಕೆ. ಇಂಜಿನ್ನಿನದು ಬ್ರೇಕಿಗೆ ತಾಗುವಂತಿಲ್ಲ, ಬ್ರೇಕಿನದು ನೀರಿಗೆ ತಾಗುವಂತಿಲ್ಲ. ಅನ್ನದ ಸೌಟು ಮಜ್ಜಿಗೆಗೆ ಹಾಕಿದರೆ ಮುಸುರೆ ಎನ್ನುವ ಮನೆಯಲ್ಲಿ ಬೆಳೆದವರಲ್ಲವೇ. ಇದೊಂದನ್ನು ಡಿಪೋದ ಮಂದಿಗೆ ಕಲಿಸಲು ನಮ್ಮ ಮನೆಯವರು ಮೂವತ್ತೊಂದು ವರ್ಷ ಬಾಯಿ ಬಡಿದುಕೊಂಡಿದ್ದರು.

ಅವರ ಹೆಂಡತಿ ನೀಲಿಮಾ ಒಮ್ಮೆ ನನ್ನ ಮುಂದೆಯೇ ಅಂದಳು: “ನನಗ ವರ್ಷಕ್ಕೊಂದು ಸಲ ಡಾಕ್ಟರ್ ಕಡೆ ಕರಕೊಂಡು ಹೋಗಂದ್ರ ಟೈಮ್ ಇಲ್ಲ. ಇದಕ್ಕ ವಾರಕ್ಕೊಮ್ಮೆ ಅಭ್ಯಂಗ!”

“ನೀ ನಿಂತ್ರ ಯಾರೂ ಊಟಕ್ಕ ಕಾಯೂದಿಲ್ಲ,” ಎಂದರು ಆಚಾರ್ಯರು. “ಅದು ನಿಂತ್ರ ಮುನ್ನೂರು ಎಲಿ ಕಾಯ್ತಾವ.”

ಗೇರ್ ಎಣ್ಣೆಯ ವಿಷಯದಲ್ಲಿ ಎಂಟು ದಿನ ವಾದ ನಡೆಯಿತು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. “ಗೇರಿನ ಡಬ್ಬಿ ಗಾಡಿ ತಳಕ್ಕ ಅದ. ಯಾರಿಗೂ ಕಾಣಸೂದಿಲ್ಲ. ಹಾಕ್ರಿ ಅತ್ತ,” ಎಂದರು. ಕಾಣದ್ದು ಮೈಲಿಗೆಯಲ್ಲ ಎಂದು ಆಗ ಗೊತ್ತಾಯಿತು ನನಗೆ. ತೊಂಬತ್ತು ನಂಬರು ಹಾಕಿದ ಮೇಲೆ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳತೊಡಗಿತು. ಆವಾಗಿನಿಂದ ಗಾಡಿಗೆ ನೆಗಡಿ ಬಂದರೂ ಅವರು ನನ್ನ ಗೇಟಿಗೆ ಬರುತ್ತಿದ್ದರು.

ನಿಜವಾದ ಸಂಕಟ ಬಂದದ್ದು ಮುಂದಿನ ವರ್ಷ ಆಷಾಢದಲ್ಲಿ. ಗಾಡಿಗೆ ಹದಿನೈದು ವರ್ಷ ತುಂಬಿತ್ತು. ಆರ್.ಟಿ.ಓ. ಪರೀಕ್ಷೆಯಲ್ಲಿ ಪಾಸಿಂಗ್ ಆದರೆ ಇನ್ನೊಂದು ವರ್ಷ ಓಡಿಸಬಹುದು. ಆಗದಿದ್ದರೆ ಭಂಗಾರಿಗೆ, ಎಂದರೆ ಗುಜರಿಗೆ. ಹೊಸ ಗಾಡಿ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ, ಬಾಡಿಗೆಯ ಗಾಡಿಯಲ್ಲಿ ನಿನ್ನೆ ಏನು ಹೊತ್ತಿದ್ದರೋ ಎಂಬ ಭಯಕ್ಕೆ ಗಿರಾಕಿಗಳು ಒಪ್ಪುವಂತಿರಲಿಲ್ಲ. ತುಳಸೀ ಲಗ್ನದ ನಂತರದ ಆರು ಮದುವೆ ಒಪ್ಪಿಕೊಂಡಿದ್ದರು. ಗಾಡಿ ಹೋದರೆ ಅವೂ ಹೋದವು, ಮೂವತ್ತೈದು ವರ್ಷದ ಹೆಸರೂ ಹೋಯಿತು.

ಗಾಡಿಗೆ ಇದ್ದ ರೋಗ ಒಂದೇ, ಕುದಿಯುವುದು. ರೇಡಿಯೇಟರಿಗೆ ಅವರು ಹಾಕುತ್ತಿದ್ದದ್ದು ಬಾವಿಯ ನೀರು. ದೇಹೂ ಊರಿನ ಪರಿಚಯದವರ ಬಾವಿಯಿಂದ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಸೇದಿ ತಂದ ಒಂದು ಕೊಡ ಸದಾ ಗಾಡಿಯಲ್ಲಿ ಇರುತ್ತಿತ್ತು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಅಷ್ಟು ಸವಳು. ಆದರೂ ಗಿರಾಕಿಗಳಿಗೆ ಅದೇ ದೊಡ್ಡ ಆಕರ್ಷಣೆ. ಖರಾಡಿಯಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಆಚಾರ್ಯರು ಕೊಡ ಬಗ್ಗಿಸುತ್ತಿದ್ದರೆ ಮುದುಕರು ಮಕ್ಕಳನ್ನು ಕರೆದು ತೋರಿಸುತ್ತಿದ್ದರಂತೆ: “ನೋಡ್ರೋ, ಗಾಡಿಗೂ ಮಡಿನೀರು!”

“ಬಾವಿ ನೀರು ನಿಲ್ಲಸ್ರಿ, ಕೂಲಂಟ್ ಹಾಕಸ್ರಿ,” ಎಂದು ನಾನು ಎಷ್ಟು ಸಲ ಹೇಳಿದೆನೋ.

“ಆ ಹಸಿರು ನೀರೇನ್ರಿ? ಅದರಾಗ ಏನೇನು ಕೂಡಿಸ್ಯಾರೋ! ಮತ್ತ ಇದು ತಳಕ್ಕಿಲ್ಲ, ಮುಂದ ಅದ. ಎಲ್ಲಾರಿಗೂ ಕಾಣಸ್ತದ.”

ಪಾಸಿಂಗಿನ ದಿನ ಸಾಲಿನಲ್ಲಿ ಒಂಬತ್ತನೆಯ ಗಾಡಿ ಇವರದು. ಆರನೆಯದು ಒಳಗೆ ಹೋಗುವಷ್ಟರಲ್ಲಿ ಮಡಿ ಗಾಡಿಯ ಮೂತಿಯಿಂದ ಉಗಿ ಎದ್ದಿತು. ಕುಕ್ಕರಿನಂತೆ ಸೀಟಿ ಹಾಕಿತು. ಪರೀಕ್ಷೆಯ ಪಟ್ಟೆಗೆ ಹತ್ತುವ ಮೊದಲೇ ಪಕ್ಕಕ್ಕೆ ತಳ್ಳಬೇಕಾಯಿತು. ಮತ್ತೊಂದು ತಾರೀಖು ಸಿಕ್ಕಿತು, ಎಂಟು ದಿನಕ್ಕೆ. ಅದೇ ಕೊನೆಯ ಅವಕಾಶ ಎಂದು ಅವರು ತಿಳಿದುಕೊಂಡರು. ಮಧ್ಯಾಹ್ನ ನನ್ನ ಕಟ್ಟೆಯ ಮೇಲೆ ಬಂದು ಕೂತರು. ಹಣೆಯ ಅಕ್ಷತೆ ಬೆವರಿಗೆ ಮೂಗಿನವರೆಗೆ ಇಳಿದಿತ್ತು.

“ಗೋದಕ್ಕಾ, ಗಾಡಿ ಹೋತಂದ್ರ ನಾ ಯಾರು?” ಎಂದರು.

ಇಷ್ಟು ಸಣ್ಣ ದನಿ ಅವರದು ಎಂದು ನನಗೆ ಗೊತ್ತಿರಲಿಲ್ಲ. ಚೇಷ್ಟೆ ಮಾಡಬೇಕೆಂದಿದ್ದ ಮಾತು ನುಂಗಿಕೊಂಡೆ. “ಜ್ವರ ಬಂದ್ರ ಬಾಟಲಿ ಔಷಧ ಕುಡೀತೀರಿಲ್ಲ? ಇದಕ್ಕ ಜ್ವರ ಬಂದದ. ಇದು ಔಷಧ ಅಂತ ತಿಳೀರಿ,” ಎಂದೆ. ಅವರು ದಿನಾ ಬಿ.ಪಿ.ಗೆ ನುಂಗುವ ಕ್ಯಾಪ್ಸೂಲಿನಂಥವುಗಳ ಸಿಪ್ಪೆಯನ್ನು ದನದ ಎಲುಬು ತೊಗಲಿನಿಂದ ಮಾಡುತ್ತಾರೆಂದು ನಮ್ಮ ಮನೆಯವರು ಇದ್ದಾಗ ಡಾಕ್ಟರರಿಂದ ಕೇಳಿ ಬಂದು ಹೇಳಿದ್ದರು. ಆ ಸುದ್ದಿ ನಾನು ಎತ್ತಲಿಲ್ಲ. ಪಾಪ, ಬಿ.ಪಿ. ಇದ್ದ ಮನುಷ್ಯ.

ಪಂಚೆಯ ಚುಂಗಿನಿಂದ ಮೂಗಿನ ಮೇಲಿನ ಅಕ್ಷತೆ ಒರೆಸಿಕೊಂಡು ಎದ್ದರು. “ನೀವೂ ಬರ್ರಿ,” ಎಂದರು.

ಹೈವೇ ಪಕ್ಕದ ಮರಿಸ್ವಾಮಿಯ ಗ್ಯಾರೇಜಿಗೆ ಹೋದೆವು. ಚಾಮರಾಜನಗರದ ಕಡೆಯವನು. ಅವತ್ತು ನಿಗಡಿಯ ರಸ್ತೆಯಲ್ಲಿ ದೂರ ನಿಂತು ‘ತಿರುಗಿಸಿ’ ಎಂದವನೇ ಇವನು.

“ಏನ್ ಸ್ವಾಮಿ, ಇವತ್ತು ಮುಟ್ಬೋದಾ?” ಎಂದ.

“ಇವತ್ತು ಅಡಿಗಿ ಇಲ್ಲ. ಮುಟ್ಟು.”

ರೇಡಿಯೇಟರಿನ ಕೆಳಗಿನ ಪೈಪು ಬಿಚ್ಚಿದಾಗ ಬಂದದ್ದು ನೀರಲ್ಲ, ಕೆಮ್ಮಣ್ಣಿನ ಗಂಜಿ. ಅದರ ಹಿಂದೆ ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವಂಥ ಬಿಳಿ ಹಕ್ಕಳೆ ತುಂಡು ತುಂಡಾಗಿ ಬಿತ್ತು. ಮರಿಸ್ವಾಮಿ ಒಂದು ಚೂರು ಎತ್ತಿ ತೋರಿಸಿ, “ಅಮ್ಮಾ, ಇದರಲ್ಲಿ ಒಂದು ಮನೆ ಸುಣ್ಣ ಹೊಡೀಬೋದು ಕಣಮ್ಮಾ,” ಎಂದ. ನಾಲ್ಕು ಸಲ ತೊಳೆದ ಮೇಲೆ ನೀರು ತಿಳಿಯಾಯಿತು. ಹಸಿರು ಬಾಟಲಿಯ ಮುಚ್ಚಳ ತೆಗೆಯುತ್ತಲೇ ಆಚಾರ್ಯರು ಗಾಡಿಗೆ ಬೆನ್ನು ಮಾಡಿ, ಹೈವೇಯ ಕಡೆ ಮುಖ ಮಾಡಿ ನಿಂತರು.

“ನೋಡ್ಕಳಿ ಸ್ವಾಮಿ, ಎಷ್ಟು ಹಾಕ್ತಿದೀನಿ ಅಂತ.”

“ನಾ ನೋಡೂದಿಲ್ಲ. ನಾ ನೋಡಲಿಲ್ಲ ಅಂದ್ರ ನನಗ ಗೊತ್ತಿಲ್ಲ. ಗೋದಕ್ಕ ನೋಡ್ತಾರ.”

“ಇದು ವಿಷ, ಆಚಾರ್ರ,” ಎಂದೆ ನಾನು. “ಸೀ ಇರ್ತದ, ನಾಯಿ ನೆಕ್ಕಿ ಸಾಯ್ತಾವ. ಅಡಿಗಿ ಭಾಂಡೆ ಹತ್ರ ಇಡಬ್ಯಾಡ್ರಿ.”

“ಸೀ ಇರ್ತದ?” ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದರು. ಸಿಹಿ ಎಂದ ಕೂಡಲೆ ಅರ್ಧ ಒಪ್ಪಿಗೆಯಾದಂತಿತ್ತು.

ಎಂಟನೆಯ ದಿನ ಗಾಡಿ ಎರಡು ತಾಸು ಸಾಲಿನಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡೇ ನಿಂತು, ಸದ್ದಿಲ್ಲದೆ ಒಳಗೆ ಹೋಗಿ, ಪಾಸಾಗಿ ಬಂತು. ಕಾಗದ ಹಿಡಿದು ಬಂದ ಆಚಾರ್ಯರು ನನ್ನ ಗೇಟಿನಲ್ಲೇ ಗಾಡಿಗೆ ತೆಂಗಿನಕಾಯಿ ಒಡೆದರು. ಬಾವಿನೀರಿನಿಂದಲೇ ಪಾಸಾಯಿತೆಂದು ಅದೇ ಸಂಜೆ ವರದಾಳಿಗೆ ಹೇಳಿದರಂತೆ, ಎಂದರೆ ಇಡೀ ಪುಣೆಗೆ ಹೇಳಿದಂತಾಯಿತು. ಆರರಲ್ಲಿ ಆರೂ ಮದುವೆಗಳಲ್ಲಿ ಎಲೆ ಹನ್ನೆರಡೂವರೆಗೆ ಬಿದ್ದವು. ಬಾನೆಟ್ ಎತ್ತುವ ಪ್ರಸಂಗವೇ ಬರಲಿಲ್ಲವಾದ್ದರಿಂದ ಗಿರಾಕಿಗಳಿಗೆ ಒಂದಿಷ್ಟು ನಿರಾಶೆಯಾಯಿತು ಎಂದು ಕೇಳಿದೆ.

ಮಾಘದಲ್ಲಿ ಅವರಿಗೆ ಎದೆ ಹಿಡಿಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು, ಐದನೆಯ ದಿನ ಇರಲಿಲ್ಲ. ಗಾಡಿ ಈಗ ಅವರ ಅಣ್ಣನ ಮಗ ವಿಕಾಸನ ಕೈಯಲ್ಲಿದೆ.

ಆಸ್ಪತ್ರೆಗೆ ಸೇರಿದ ಮೂರನೆಯ ದಿನ ಬೆಳಿಗ್ಗೆ ಅಲ್ಲಿಂದ ನನಗೆ ಅವರ ಫೋನ್ ಬಂದಿತ್ತು. ನೀಲಿಮಾ ಹಚ್ಚಿಕೊಟ್ಟು ದೂರ ಸರಿದಿರಬೇಕು, ಅವರ ದನಿ ಗುಟ್ಟಾಗಿತ್ತು.

“ಗೋದಕ್ಕಾ, ಇವತ್ತು ಖರಾಡಿಯೊಳಗ ಉಪನಯನ ಅದ. ವಿಕಾಸ ಗಾಡಿ ಒಯ್ತಾನ. ನೀರು ಕಡಿಮಿ ಆಗಿದ್ರ ನಳದ್ದು ಸುರುವಿಬಿಡ್ತಾನ ಅಂವ. ನೀವು ಅವನ ಜೋಡಿ ಹೋಗ್ರಿ.”

“ಹೋಗ್ತೇನಿ. ನೀವು ಮಾತಾಡಬ್ಯಾಡ್ರಿ, ಮಲಕೋರಿ.”

“ಕೇಳ್ರಿಲ್ಲೆ. ಸೀಟಿನ ಕೆಳಗ ಹೊಸಾ ತಾಮ್ರದ ತಂಬಿಗಿ ಅದ, ಅದಕ್ಕs ಅಂತ ತಂದಿಟ್ಟೇನಿ, ಅಡಿಗಿಗೆ ತಗೋಳೂದಿಲ್ಲ. ಬಾಟಲಿಯಿಂದ ನೇರ ಹಾಕಬ್ಯಾಡ್ರಿ. ಹಸಿರು ನೀರು ಮನಿಯಾಗs ತಂಬಿಗಿಗೆ ಬಗ್ಗಿಸಿ ಒಯ್ರಿ. ಅಲ್ಲಿ ಬಾನೆಟ್ ಎತ್ತಿ, ಎಲ್ಲಾರೂ ನೋಡೂ ಹಂಗ, ಸಾವಕಾಶ ಹಾಕ್ರಿ.”