ಬಲಗಡೆಯ ಪದಕ

ಪಿಥೋರಾಗಢದ ಮಾಜಿ ಸೈನಿಕರ ಚಿಕಿತ್ಸಾಲಯದಿಂದ ನಿವೃತ್ತರಾಗುತ್ತಿರುವ ಕರ್ನಲ್ ತ್ರಿಲೋಚನ ಪಂತ್ ಅವರು ಯುದ್ಧಭೂಮಿಯ ಶಸ್ತ್ರವೈದ್ಯರಲ್ಲಿ ಅಗ್ರಗಣ್ಯರೆಂಬುದನ್ನು ಈ ಅಭಿನಂದನಾ ಸಂಪುಟದಲ್ಲಿ ನನಗಿಂತ ಹಿರಿಯರು ವಿಸ್ತಾರವಾಗಿ ಬರೆದಿದ್ದಾರೆ. ಬಹುಕಾಲ ಅವರ ಕೈಕೆಳಗಿನ ವೈದ್ಯನಾಗಿದ್ದು, ಅವರ ಬೈಗುಳವನ್ನೂ ಅವರ ಮನೆಯ ರಾಗಿ ರೊಟ್ಟಿಯನ್ನೂ ಸಮವಾಗಿ ಉಂಡ ನಾನು ಅವರ ಒಂದು ಪದಕದ ಬಗ್ಗೆ ಮಾತ್ರ ಬರೆಯುತ್ತೇನೆ. ಅದಕ್ಕೆ ಅವರ ಒಪ್ಪಿಗೆಯಿದೆ.

ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯ ಒಂದು ಶಾಲೆಯಲ್ಲಿ, ಮೇಷ್ಟರ ಮೇಜಿನ ಮೇಲೆ ಗಾಯಾಳುಗಳನ್ನು ಮಲಗಿಸಿಕೊಂಡು, ಶೆಲ್ಲುಗಳು ಬೀಳುತ್ತಿದ್ದರೂ ಕತ್ತರಿ ಕೆಳಗಿಡದೆ ಅವರು ಜೀವಗಳನ್ನು ಉಳಿಸಿದರು. ಆ ದಿನ ಅವರ ಸಹಾಯಕರಾಗಿದ್ದ ನಾಯಕ್ ದೀವಾನ್ ಸಿಂಗ್ ಬೋರಾ ತೀರಿಕೊಂಡರು. ಪಂತ್ ಅವರಿಗೆ ಶೌರ್ಯ ಪದಕ ಬಂದದ್ದು ಆ ದಿನಕ್ಕಾಗಿ.

ತಾನು ಗಳಿಸಿದ ಪದಕವನ್ನು ಸೈನಿಕ ಎದೆಯ ಎಡಕ್ಕೆ ಧರಿಸುತ್ತಾನೆ. ಸತ್ತವನ ಪದಕವನ್ನು ಅವನ ಮನೆಯವರು ಬಲಕ್ಕೆ ಧರಿಸುತ್ತಾರೆ. ನಮ್ಮ ಬೆಟ್ಟಗಳಲ್ಲಿ ಇದು ಮಕ್ಕಳಿಗೂ ಗೊತ್ತು. ಪಂತ್ ಅವರು ಮಾತ್ರ ಉಳಿದೆಲ್ಲ ಪದಕಗಳನ್ನು ಎಡಕ್ಕೆ ಹಾಕಿ, ಇದೊಂದನ್ನು ಬಲಕ್ಕೆ ಚುಚ್ಚಿಕೊಂಡು ಸಮಾರಂಭಗಳಿಗೆ ಬರುತ್ತಿದ್ದರು. "ಡಾಕ್ಟರ್ ಸಾಬ್‌ಗೆ ಎಡ ಬಲ ಗೊತ್ತಾಗಲ್ಲ, ಹರ್ನಿಯಾ ಇದ್ರೆ ಹುಷಾರಪ್ಪಾ!" ಎಂದು ಸುಬೇದಾರರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಸೇನೆಯಿಂದ ಬಂದ ಮೇಲೆ ಅವರು ತಿಂಗಳಿಗೊಮ್ಮೆ ಬೋರಾ ಅವರ ಹಳ್ಳಿಗೆ ಬೆಟ್ಟ ಹತ್ತಿ ಹೋಗಿ, ಊರಿನವರನ್ನೆಲ್ಲ ಪರೀಕ್ಷಿಸಿ, ಔಷಧಿ ಕೊಟ್ಟು ಬರುತ್ತಿದ್ದರು. ಆದರೆ ಬೋರಾ ಅವರ ವಿಧವೆ ಬಚುಲಿ ದೇವಿಯವರು ಕೊಟ್ಟ ಚಹಾವನ್ನು ತಲೆ ತಗ್ಗಿಸಿ ಕುಡಿದು, ಬೇಗ ಎದ್ದುಬಿಡುತ್ತಿದ್ದರು.

ಕಳೆದ ಡಿಸೆಂಬರಿನಲ್ಲಿ ಹುತಾತ್ಮರ ಸ್ಮಾರಕದ ಬಳಿ ಆಕೆ ಗಂಡನ ಪದಕವನ್ನು ಶಾಲಿನ ಬಲಕ್ಕೆ ಚುಚ್ಚಿಕೊಂಡು ನಮ್ಮ ಪಕ್ಕದಲ್ಲೇ ನಿಂತಿದ್ದರು.

"ದಾಜ್ಯೂ, ಬಲಕ್ಕೆ ಹಾಕೋದು ನಾವು, ಕಳ್ಕೊಂಡೋರು. ನಿಮಗ್ಯಾಕೆ ಇದು?" ಎಂದು ಅಣ್ಣನನ್ನು ಕೇಳುವಂತೆ ಕೇಳಿದರು.

ಕರ್ನಲ್ ಸಾಹೇಬರು ಸ್ಮಾರಕದ ಕಡೆ ನೋಡುತ್ತ ಹೇಳಿದರು: "ಬೋರಾನ ಹೊಟ್ಟೆಗೆ ಶೆಲ್ಲಿನ ಚೂರು ಬಿದ್ದಿತ್ತು, ತಂಗಿ. ಇದ್ದದ್ದು ಒಂದೇ ಮೇಜು. ಉಳಿಯೋ ಹಾಗಿದ್ದವರನ್ನ ಒಳಗೆ ತಗೊಂಡೆ, ಅವನನ್ನ ಜಗಲಿ ಮೇಲೆ ಕಾಯಿಸಿದೆ. 'ಸಾಬ್, ನನ್ನ ಮರೀಬೇಡಿ' ಅಂತ ಕೂಗ್ತಾನೇ ಇದ್ದ. ನಾನು ಹೊರಗೆ ಬರ್ಲಿಲ್ಲ."

ಆಕೆ ಶಾಲನ್ನು ಬಿಗಿಯಾಗಿ ಹೊದ್ದುಕೊಂಡರು. ಆಮೇಲೆ, "ಒಳಗಿದ್ದೋರು ಬದುಕಿದ್ರಾ?" ಎಂದರು.

"ನಾಲ್ಕು ಜನ ಬದುಕಿದ್ರು."

"ಮಕ್ಕಳು ಮರಿ?"

"ಇದ್ದಾರೆ. ಮೊಮ್ಮಕ್ಕಳೂ ಇದ್ದಾರೆ."

"ನನಗಿಲ್ಲ," ಎಂದರು ಬಚುಲಿ ದೇವಿ.

ಪಂತ್ ಅವರು ಪದಕದ ಪಿನ್ನು ಬಿಚ್ಚಲು ಹೋದರು. ಆಕೆ ಅವರ ಕೈಯನ್ನು ತಡೆದು, ಓರೆಯಾಗಿದ್ದ ಪದಕವನ್ನು ನೆಟ್ಟಗೆ ಮಾಡಿದರು. "ಬಲಕ್ಕೇ ಇರ್ಲಿ. ಚಹಾ ಕುಡಿಯೋಕೆ ಬಂದಾಗ ಇನ್ಮೇಲೆ ನಮ್ಮನೆಯವರ ವಿಷಯ ಮಾತಾಡಿ. ಸುಮ್ನೆ ಎದ್ದು ಹೋಗ್ಬೇಡಿ."

ಪೂಜ್ಯ ಗುರುಗಳಿಗೆ ನೂರು ವರ್ಷ ಆಯುಸ್ಸಿರಲಿ ಎಂದು ಹಾರೈಸುವಾಗ ನನ್ನ ಎದೆ ಭಾರವಾಗುತ್ತದೆ, ಏಕೆಂದರೆ ಆ ಕೂಗನ್ನು ಅಷ್ಟೂ ವರ್ಷ ಕೇಳಬೇಕಾದವರು ಅವರೇ. ಆದರೂ ಹಾರೈಸುತ್ತೇನೆ. ಚಿಕಿತ್ಸಾಲಯದ ಕೀಲಿಯನ್ನು ನನಗೆ ಒಪ್ಪಿಸಿರುವ ಅವರು ಬೆಟ್ಟದ ಮೇಲಿನ ಆ ಹಳ್ಳಿಯನ್ನು ಮಾತ್ರ ತಮಗೇ ಉಳಿಸಿಕೊಂಡಿದ್ದಾರೆ. ಅಲ್ಲಿ ಬಚುಲಿ ದೇವಿಯವರು ಚಹಾಕ್ಕೆ ನೀರಿಟ್ಟು ಕಾಯುತ್ತಿರುತ್ತಾರೆ.