ಗಡಿಕಲ್ಲು ದಾಟಿದ ಮರಳು

“ಕುರಿ ಕಾಯೋನ ಮಗ ಕೆಮಿಸ್ಟ್ ಆಗೋದುಂಟಾ? ಅವನ ಸಹಿಗೆ ಕಂಪನಿ ಜವಾಬು ಕೊಡೋ ಕಾಲ ಬರಲ್ಲ” ಎಂದವರು ನಮ್ಮೂರ ಪಕ್ಕದ ಸಣ್ಣ ಗಣಿ ಕಂಪನಿಯ ಹೆಡ್ ಕ್ಲಾರ್ಕ್ ಶೇಷಗಿರಿರಾಯರು. 1938ರಲ್ಲಿ ನಾನು ಸರ್ಕಾರಿ ಪ್ರಯೋಗಾಲಯದಲ್ಲಿ ಸಹಾಯಕ ಕೆಮಿಸ್ಟ್ ಆಗಿದ್ದೆ. ನಮ್ಮ ವಂಶದಲ್ಲಿ ಬಿ.ಎಸ್ಸಿ. ಮಾಡಿದವನು ನಾನೊಬ್ಬನೇ.

ರಾಯರು ಆ ಮಾತು ಆಡಿದ್ದು ಅದಕ್ಕೂ ನಾಲ್ಕು ವರ್ಷ ಮೊದಲು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿಯುವ ಮರಳನ್ನು ಗಣಿಯವರು ಗುಡ್ಡೆ ಹಾಕುತ್ತಾರೆ. ಒಂದು ಮಳೆಗಾಲ ಆ ಗುಡ್ಡೆ ಜಾರಿ, ಗಡಿಕಲ್ಲು ದಾಟಿ ಅಪ್ಪನ ರಾಗಿ ಹೊಲದ ಮೇಲೆ ಕೂತಿತು. ಅದರ ಬುಡದ ಗುಂಡಿಯಲ್ಲಿ ನೀರು ಕುಡಿದ ಹನ್ನೊಂದು ಕುರಿ ಅಲ್ಲೇ ಬಿದ್ದು ಸತ್ತವು. ಮರಳು ತೆಗೆಸಿ ಎಂದು ಅರ್ಜಿ ಹಿಡಿದು ಹೋದ ಅಪ್ಪ, ಮಗ ಕಾಲೇಜು ಮುಗಿಸಿ ಬಂದು ಪರೀಕ್ಷೆ ಮಾಡುತ್ತಾನೆ ಎಂದನಂತೆ. ಅದಕ್ಕೆ ರಾಯರು ಕೊಟ್ಟ ಉತ್ತರ ಅದು. ಕಾಗದದಲ್ಲಿ ಬಂದ ಉತ್ತರ ಬೇರೆ: “ಗಡಿಕಲ್ಲು ದಾಟಿದ ಮರಳು ಕಂಪನಿಯದ್ದಲ್ಲ.” ಆ ಕಾಗದವನ್ನು ನನ್ನ ಡಿಗ್ರಿಯ ಜೊತೆ ಇಟ್ಟುಕೊಂಡೆ.

ಆಮೇಲೆ ಚಿನ್ನದ ಬೆಲೆ ಏರಿತು. ಹಳೆಯ ಮರಳಿನಲ್ಲಿ ಉಳಿದಿದ್ದ ಚೂರುಪಾರು ಚಿನ್ನಕ್ಕೂ ಬೆಲೆ ಬಂತು. ಆ ಹೊಲದ ಮರಳು ನಮ್ಮದು, ಸಾಗಿಸಲು ಬಿಡಿ ಎಂದು ಅದೇ ಕಂಪನಿ ತಾಲ್ಲೂಕಿನ ಅಮಲ್ದಾರರಿಗೆ ಬರೆಯಿತು. ಅವರು ಮರಳಿನ ಪರೀಕ್ಷೆಯನ್ನು ನಮ್ಮ ಪ್ರಯೋಗಾಲಯಕ್ಕೆ ವಹಿಸಿದಾಗ ಆ ಕೆಲಸವನ್ನು ನಾನೇ ಕೇಳಿ ಪಡೆದೆ. ನ್ಯಾಯಕ್ಕಾಗಿ ಎಂದರೆ ಸುಳ್ಳಾದೀತು, ಸೇಡಿಗಾಗಿ. ಹೊಲ ನಮ್ಮಪ್ಪನದು ಎಂದು ಮೇಲಧಿಕಾರಿಗೆ ಮುಚ್ಚಿಡಲಿಲ್ಲ. ಪ್ರತಿ ಮಾದರಿಯಲ್ಲೂ ಅರ್ಧ ಕಂಪನಿಯ ಲ್ಯಾಬಿಗೆ ಕೊಡು ಎಂದರು.

“ಚಿನ್ನ ಮಾತ್ರ ನೋಡಿದ್ರೆ ಸಾಕು ಸಾರ್. ನಾಲ್ಕು ವರ್ಷ ಬಿಸಿಲು ತಿಂದ ಮರಳು, ವಿಷ ಎಲ್ಲಿರುತ್ತೆ?” ಎಂದರು ರಾಯರು, ಹೊಲದಲ್ಲಿ ಕೊಡೆ ಹಿಡಿದು. ಅರ್ಧ ನಿಜ. ಬಿಸಿಲಿಗೆ ಮೇಲಿನ ಸೈನೈಡ್ ಸಾಯುತ್ತದೆ. ಒಳಗಿನ ಹಸಿಯಲ್ಲಿ ಉಳಿದಿರಬಹುದು. ಆಳದ ಮಾದರಿ ತೆಗೆಯಲು ನಾನು ಮರಳಿಗೆ ಕಬ್ಬಿಣದ ಕೊಳವೆ ಹೊಡೆಯತೊಡಗಿದೆ.

“ಇನ್ನೂ ಇಳ್ಸು ಕಣ್ಲಾ! ಆಡು ಮೇದಂಗೆ ಮೇಲ್ಮೇಲೆ ಕೆರೀಬೇಡ” ಎಂದ ಅಪ್ಪ.

ಆರು ಅಡಿ ಇಳಿಸಿದೆ. ಪ್ರತಿ ಸೀಸೆಗೂ ರಾಯರ ಕೈಯಿಂದಲೇ ಅರಗಿನ ಮುದ್ರೆ ಒತ್ತಿಸಿದೆ. ಎರಡೂ ಲ್ಯಾಬಿನಲ್ಲಿ ಒಂದೇ ಫಲಿತಾಂಶ: ಚಿನ್ನವೂ ಇತ್ತು, ಸೈನೈಡೂ ಇತ್ತು. ಎರಡನ್ನೂ ಒಂದೇ ಸರ್ಟಿಫಿಕೇಟಿನಲ್ಲಿ ಬರೆದೆ.

ಬಂಗಾರಪೇಟೆಯ ಅಮಲ್ದಾರರ ಕಚೇರಿಯಲ್ಲಿ ಅದರ ಪಕ್ಕ ಆ ಹಳೆಯ ಕಾಗದವನ್ನೂ ಇಟ್ಟೆ. ಅಮಲ್ದಾರರು ಎರಡನ್ನೂ ಓದಿ, “ಮರಳು ನಿಮ್ಮದೋ, ಅಲ್ಲವೋ?” ಎಂದು ರಾಯರನ್ನು ಕೇಳಿದರು. ಅಲ್ಲ ಎಂದರೆ ಚಿನ್ನವಿಲ್ಲ. ಹೌದು ಎಂದರೆ ವಿಷವೂ ಅವರದ್ದೇ. ರಾಯರು ಕನ್ನಡಕ ಒರೆಸಿ, “ನಮ್ಮದೇ” ಎಂದರು.

“ಜೋರಾಗಿ ಹೇಳಿ ರಾಯರೇ, ನಮ್ಮಪ್ಪನಿಗೆ ಕಿವಿ ಮಂದ” ಎಂದೆ. ಅಪ್ಪನ ಕಿವಿ ಚೆನ್ನಾಗಿಯೇ ಇತ್ತು. ಅವರು ಜೋರಾಗಿ ಹೇಳಬೇಕಾಯಿತು.

ಕಂಪನಿಯೇ ಕೆಳಗಿನ ಮಣ್ಣು ಕಾಣುವವರೆಗೂ ಮರಳು ತೆಗೆದು, ಕುರಿ ಸತ್ತ ಆ ಗುಂಡಿ ಮುಚ್ಚಬೇಕೆಂದು ಹುಕುಂ ಆಯಿತು. ಹೊಲಸಿಗೆ ವಾರಸುದಾರರು ಸಿಗುವುದು ಅದರಲ್ಲಿ ಚಿನ್ನ ಕಂಡಾಗ ಮಾತ್ರ, ವಿಷದ ಜವಾಬ್ದಾರಿಯನ್ನು ಅವತ್ತೇ ಅವರ ತಲೆಗೆ ಕಟ್ಟಬೇಕು. ನನ್ನ ಕೆಲಸ ಕಲಿಸಿದ ಪಾಠ ಇದು ಎಂದು ಬೀಗುತ್ತಾ ಹೊರಗೆ ಬಂದು, ಸರ್ಟಿಫಿಕೇಟಿನ ನಕಲನ್ನು ಅಪ್ಪನ ಕೈಗಿಟ್ಟೆ. ಓದು ಬಾರದ ಅಪ್ಪ ನನ್ನ ಸಹಿಯ ಮೇಲೆ ಹೆಬ್ಬೆರಳು ಆಡಿಸಿ ಕೇಳಿದ:

“ಸರಿ ಕಣ್ಲಾ. ಎತ್ಕೊಂಡೋಗಿ ಇನ್ಯಾರ ಒಲಕ್ಕೆ ಸುರೀತಾರಂತೆ?”